ಕೈನುಡಿಯ ದುಭಾಷಿ
(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಗಡಿನಾಡಿನ ಕನ್ನಡಿಗರಾದ ನಮಗೆ ದುಭಾಷಿಯ ಕೆಲಸವು ಹೊಸತಲ್ಲ. ಮನೆಯ ನುಡಿ ಕನ್ನಡ, ಕಚೇರಿಯ ನುಡಿ ಮಲಯಾಳ. ಹಿರಿಯರ ಅಹವಾಲನ್ನು ಅಧಿಕಾರಿಗಳಿಗೂ ಅಧಿಕಾರಿಗಳ ಉತ್ತರವನ್ನು ಹಿರಿಯರಿಗೂ ತಿಳಿಯಹೇಳಿದ ಮಕ್ಕಳು ಈ ಸಭೆಯಲ್ಲಿಯೇ ಅನೇಕರಿರಬಹುದು. ಇದೇ ಕಾರ್ಯವನ್ನು ಕಿವುಡ ಬಂಧುಗಳಿಗಾಗಿ ನೆರವೇರಿಸುವ ವೃತ್ತಿಯೊಂದುಂಟು. ಅದುವೇ ಸಂಜ್ಞಾ ಭಾಷೆಯ ದುಭಾಷಿಯ ವೃತ್ತಿ.

2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಶ್ರವಣದೋಷವುಳ್ಳವರು 50 ಲಕ್ಷಕ್ಕೂ ಮಿಕ್ಕಿದ್ದರು. ಅವರಲ್ಲಿ ಅನೇಕರಿಗೆ ಸಂಜ್ಞಾ ಭಾಷೆಯೇ ಮನದ ಮಾತು. ಅದನ್ನು ಬರಿಯ ಕೈಸನ್ನೆಯೆಂದು ಎಣಿಸಬಾರದು. ಭಾರತೀಯ ಸಂಜ್ಞಾ ಭಾಷೆಗೆ ತನ್ನದೇ ಆದ ವ್ಯಾಕರಣವಿದೆ. ನಮ್ಮ ‘ನಿನ್ನ ಹೆಸರೇನು’ ಎಂಬ ವಾಕ್ಯದಲ್ಲಿರುವಂತೆ ಅಲ್ಲಿಯೂ ಪ್ರಶ್ನಾರ್ಥಕ ಪದವು ಕೊನೆಗೆ ಬರುತ್ತದೆ. ಹುಬ್ಬಿನ ಚಲನೆ, ಮುಖದ ಭಾವ ಇವೂ ಅಲ್ಲಿ ವ್ಯಾಕರಣದ ಅಂಗಗಳೇ. ಆದರೂ 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ನೆರೆದ ಕಿವುಡರ ಶಿಕ್ಷಣದ ಸಮ್ಮೇಳನವು, ಬೋಧನೆಯಲ್ಲಿ ಬಾಯಿಮಾತೇ ಇರಬೇಕು, ಸಂಜ್ಞೆ ಕೂಡದು ಎಂದು ನಿರ್ಣಯಿಸಿತು. ತಾಯ್ನುಡಿಯ ಶಾಲೆಯನ್ನು ಉಳಿಸಿಕೊಳ್ಳಲು ಶ್ರಮಿಸುತ್ತಿರುವ ನಮಗೆ ಆ ಅನ್ಯಾಯದ ಆಳವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ವೃತ್ತಿಗೆ ದಾರಿ ಹೇಗೆ? ಹನ್ನೆರಡನೆಯ ತರಗತಿಯಲ್ಲಿ ತೇರ್ಗಡೆಯಾದವರಿಗೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯಮಾಡಿದ ಎರಡು ವರ್ಷಗಳ ಡಿಪ್ಲೊಮಾ ಶಿಕ್ಷಣವಿದೆ. ದೆಹಲಿಯಲ್ಲಿ 2015ರಲ್ಲಿ ಸ್ಥಾಪಿತವಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು ಈ ಶಿಕ್ಷಣವನ್ನು ನೀಡುತ್ತದೆ. ಅದು 2021ರಲ್ಲಿ 10,000 ಪದಗಳ ನಿಘಂಟನ್ನೂ ಹೊರತಂದಿತು. ಕಲಿತವರಿಗೆ ಶಾಲೆ, ಆಸ್ಪತ್ರೆ, ನ್ಯಾಯಾಲಯ, ದೂರದರ್ಶನದ ವಾರ್ತೆ ಮುಂತಾದ ಕಡೆಗಳಲ್ಲಿ ಕೆಲಸವುಂಟು. 2023ರ ಸೆಪ್ಟೆಂಬರಿನಲ್ಲಿ ಕಿವುಡ ವಕೀಲೆಯಾದ ಸಾರಾ ಸನ್ನಿಯವರು ದುಭಾಷಿಯ ನೆರವಿನಿಂದ ಸರ್ವೋಚ್ಚ ನ್ಯಾಯಾಲಯದಲ್ಲಿ ತಮ್ಮ ವಾದವನ್ನು ಮಂಡಿಸಿದರು.

ಆದರೆ ಪ್ರಮಾಣಪತ್ರವೊಂದರಿಂದಲೇ ದುಭಾಷಿಯಾಗಲಾಗದು. ಆಡಿದವರ ಮಾತಿಗೆ ತನ್ನದನ್ನು ಕೂಡಿಸಬಾರದು, ಅವರದನ್ನು ಕಳೆಯಲೂ ಬಾರದು. ರೋಗಿಯು ‘ನನಗೆ ನೋವಿದೆ’ ಎಂದರೆ ವೈದ್ಯರಿಗೂ ‘ನನಗೆ ನೋವಿದೆ’ ಎಂದೇ ಹೇಳತಕ್ಕದ್ದು. ಔಷಧದ ಪ್ರಮಾಣವನ್ನು ತಪ್ಪಾಗಿ ತಿಳಿಸಿದರೆ ಪ್ರಾಣಕ್ಕೇ ಅಪಾಯ. ಕೇಳಿದ ಗುಟ್ಟು ಆ ಕೋಣೆಯಲ್ಲಿಯೇ ಉಳಿಯಬೇಕು. ಮನಸ್ಸಿಗೆ ಬಹಳ ಆಯಾಸ ತರುವ ಕೆಲಸವಾದುದರಿಂದ ದೀರ್ಘ ಸಭೆಗಳಲ್ಲಿ ಇಬ್ಬರು ಸರದಿಯಂತೆ ನಿರ್ವಹಿಸುವ ರೂಢಿಯಿದೆ.

ಪೋಷಕರಲ್ಲಿ ನಮ್ಮದೊಂದು ವಿನಂತಿ. ಮನೆಯಲ್ಲಾಗಲಿ ನೆರೆಯಲ್ಲಾಗಲಿ ಕಿವುಡ ಮಗುವಿದ್ದರೆ ‘ಮೂಗ’ ಎಂದು ಕರೆಯದಿರಿ. ಆ ಮಗುವಿಗೆ ಮಾತಿಲ್ಲದಿಲ್ಲ, ಮಾತು ಕೈಗಳಲ್ಲಿದೆ. ವಿದ್ಯಾರ್ಥಿಗಳೇ, ಈ ಭಾಷೆಯನ್ನು ಕಲಿಯುವ ಮನಸ್ಸಾದರೆ ಕಿವುಡರನ್ನೇ ಗುರುಗಳಾಗಿ ಸ್ವೀಕರಿಸಿರಿ. ಅವರ ಕಡೆಯಿಂದ ನಾವೇ ಮಾತನಾಡಿಬಿಡುವುದು ಸೇವೆಯಲ್ಲ. ಅವರು ಹೇಳಬೇಕೆಂದಿರುವುದನ್ನು ಲೋಕವು ಕೇಳುವಂತೆ ಮಾಡುವುದೇ ನಿಜವಾದ ಸೇವೆ. ಅಂತಹ ಸೇವೆಗೆ ನಮ್ಮ ಶಾಲೆಯಿಂದ ಒಬ್ಬರಾದರೂ ಮುಂದೆ ಬರಲೆಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.