ಗಾಲಿಕುರ್ಚಿಯಲ್ಲಿ ಕೂತೇ ಗೆದ್ದ ಮಾಲತಿ ಹೊಳ್ಳ

(ದೇವರಮನೆಯಲ್ಲಿ ಸೇರಿದ್ದ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಆಡಿದ ಮಾತುಗಳು)



ಈ ಗುಡ್ಡ ಹತ್ತಿ ಬರುವಷ್ಟರಲ್ಲಿ ನಮಗೆಲ್ಲ ಏದುಸಿರು ಬಂತು. ನಡೆಯಲು ಬಾರದ ನಮ್ಮ ಮಕ್ಕಳು ಇಂಥ ಕಡೆ ಬರುವುದು ಹೇಗೆ? ಬರುವುದಿಲ್ಲ. ನಾವು ಕಾಫಿ ಕುಯ್ಲಿಗೆ ಹೋಗಿ ಸಂಜೆ ವಾಪಸ್ ಬರುವವರೆಗೂ ಲೈನ್ ಮನೆಯ ಬಾಗಿಲಲ್ಲೇ ಕೂತಿರುತ್ತಾರೆ. ಅಂಥ ಮಕ್ಕಳ ತಾಯಂದಿರು ನಮ್ಮ ಸಂಘಗಳಲ್ಲೂ ಇದ್ದಾರೆ. ಅದಕ್ಕೇ ಇವತ್ತು ಮಾಲತಿ ಹೊಳ್ಳ ಅವರ ವಿಷಯ ಹೇಳೋಣ ಅಂತ.

ಬೆಂಗಳೂರಿನ ಮಾಲತಿ ಹುಟ್ಟಿದ್ದು 1958ರಲ್ಲಿ. ತಂದೆಯದು ಸಣ್ಣ ಹೋಟೆಲು. ಒಂದು ವರ್ಷದ ಮಗುವಿದ್ದಾಗ ಪೋಲಿಯೊ ಬಂದು ಇಡೀ ಮೈ ಸ್ವಾಧೀನ ತಪ್ಪಿತು. ಎರಡು ವರ್ಷಕ್ಕೂ ಹೆಚ್ಚು ಕಾಲ ವಿದ್ಯುತ್ ಚಿಕಿತ್ಸೆ ಕೊಡಿಸಿದ ಮೇಲೆ ಸೊಂಟದ ಮೇಲಿನ ಭಾಗಕ್ಕೆ ಬಲ ಬಂತು. ಕಾಲಿಗೆ ಬರಲಿಲ್ಲ. ಮುಂದೆ ಚೆನ್ನೈನ ಚಿಕಿತ್ಸಾ ಕೇಂದ್ರವೊಂದರಲ್ಲಿ ಹದಿನೈದು ವರ್ಷ. ಮಗಳನ್ನು ಅಷ್ಟು ದೂರ ಬಿಟ್ಟುಬಂದ ತಾಯಿಯ ಹೊಟ್ಟೆಸಂಕಟ ನಿಮಗೆ ಬೇರೆ ಹೇಳಬೇಕೆ?

ನಡೆಯಲಾಗದವರಿಗೆ ಎಂಥ ಆಟ ಅಂತ ಕೇಳುವವರು ಇರ್ತಾರೆ. ಮಾಲತಿ ಆಡಿದ್ದು ಒಂದು ಆಟವಲ್ಲ: ಗಾಲಿಕುರ್ಚಿ ಓಟ, ಗುಂಡು ಎಸೆತ, ಚಕ್ರ ಎಸೆತ, ಜಾವೆಲಿನ್ ಎಸೆತ. ನಿಂತು ಎಸೆಯುವವರಿಗೆ ಕಾಲಿನ ಒತ್ತು ಸಿಗುತ್ತದೆ. ಕೂತು ಎಸೆಯುವವರ ಕುರ್ಚಿಯನ್ನು ನೆಲಕ್ಕೆ ಬಿಗಿದಿರುತ್ತಾರೆ, ಎಲ್ಲ ಬಲ ಭುಜ, ತೋಳಿನಿಂದಲೇ ಬರಬೇಕು. ಕಾಲೂರದೆ ಕಾಫಿ ಮೂಟೆ ಎತ್ತಲು ನಮ್ಮಿಂದ ಆದೀತೆ? 1988ರ ಸೋಲ್ ಪ್ಯಾರಾಲಿಂಪಿಕ್ಸ್‌ಗೆ ಅವರು ಹೋಗಿದ್ದರು. ಆ ಕೂಟದಲ್ಲಿ ಭಾರತದ ಮಹಿಳೆಯೊಬ್ಬರಿಗೆ ಮೊದಲ ಪದಕ ಬಂದದ್ದು 28 ವರ್ಷ ಬಿಟ್ಟು, 2016ರಲ್ಲಿ, ದೀಪಾ ಮಲಿಕ್ ಅವರಿಗೆ. ಅಂದಮೇಲೆ ಮಾಲತಿ ಎಂಥ ಕಾಲದಲ್ಲಿ ಹೊರಟವರು ನೋಡಿ! 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ ಬಂತು. ಜೊತೆಗೆ ಸಿಂಡಿಕೇಟ್ ಬ್ಯಾಂಕಿನಲ್ಲಿ ಕೆಲಸ, ಮ್ಯಾನೇಜರ್ ಹುದ್ದೆಯವರೆಗೆ. ಗೆಳೆಯರೊಂದಿಗೆ ಸೇರಿ ಮಾತೃ ಫೌಂಡೇಶನ್ ಕಟ್ಟಿ ವಿಕಲಚೇತನ ಮಕ್ಕಳಿಗೆ ಆಶ್ರಯವನ್ನೂ ಕೊಟ್ಟರು.

ನಮಗೆ ಪದಕಕ್ಕಿಂತ ದೊಡ್ಡದಾಗಿ ಕಾಣುವುದು ಆ ಸಂಬಳ. ತನ್ನ ದುಡ್ಡು, ತನ್ನ ಪಾಸ್‌ಬುಕ್. ಪಾಸ್‌ಬುಕ್ಕಿನ ಬೆಲೆ ನಿಮಗೆ ಗೊತ್ತು.

"ನಮ್ಮ ಮಗುವಿಗೆ ಅಷ್ಟೆಲ್ಲ ಎಲ್ಲಿಂದ ತರೋಣ ಸಿಸ್ಟರ್" ಅನ್ನಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರಕಾರ ಹೆಚ್ಚಿನ ತೊಂದರೆ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಶಿಕ್ಷಣ ಉಚಿತ. ಸರ್ಕಾರಿ ನೌಕರಿಯಲ್ಲಿ ಶೇ. 4 ಮೀಸಲಾತಿ ಇದೆ. ಇದಕ್ಕೆಲ್ಲ ಮೊದಲು ಯು.ಡಿ.ಐ.ಡಿ. ಕಾರ್ಡ್ ಬೇಕು. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ಅರ್ಜಿ ಹಾಕಿಸುವುದು ಅವರ ಕೆಲಸ. ಒಬ್ಬಳೇ ತಾಯಿ ಹೋದರೆ ನಾಳೆ ಬಾ ಅಂದಾರು, ಸಂಘದ ಐದಾರು ಜನ ಜೊತೆಗೆ ಹೋಗಿ. ಮುಂದಿನ ವಾರದ ಸಭೆಯಲ್ಲಿ ಮನೆಮನೆಯ ಇಂಥ ಮಕ್ಕಳ ಹೆಸರು ಕೇಳಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಆಧಾರ್ ನಕಲು, ಎರಡು ಫೋಟೋ ತೆಗೆದಿಡಲು ತಾಯಂದಿರಿಗೆ ಇವತ್ತೇ ಹೇಳಿ.