ಮೊದಲನೆಯ ಹೊಲಿಗೆ ಯಂತ್ರ



ಪಟ್ಟಣಗಳಲ್ಲಿ ವಾಸಮಾಡುವ ನಮಗೆ ಹಳ್ಳಿಯ ನಂಟರಿಷ್ಟರಿಂದ ಆಗಾಗ ಒಂದು ಪ್ರಶ್ನೆ ಬರುವುದುಂಟು. “ಮನೆಯ ಹೆಣ್ಣುಮಗಳು ಹೊಲಿಗೆ ಕಲಿಯಬೇಕೆಂದಿದ್ದಾಳೆ, ಯಾವ ಯಂತ್ರವನ್ನು ಕೊಳ್ಳೋಣ?” ನಾವು ಓದುಬರಹ ಬಲ್ಲವರು, ಅಂಗಡಿಗಳ ಸಮೀಪದಲ್ಲಿರುವವರು, ಆದುದರಿಂದ ನಮ್ಮ ಮಾತಿಗೆ ಬೆಲೆ ಹೆಚ್ಚು. ಆದರೆ ನಾವು ಸಾಮಾನ್ಯವಾಗಿ ಕೊಡುವ ಉತ್ತರವೇನು? ನಮ್ಮ ಮನೆಯಲ್ಲಿ ಯಾವ ಯಂತ್ರವುಂಟೋ ಅದನ್ನೇ ಹೇಳುತ್ತೇವೆ. ಇಲ್ಲವೆ ಜಾಹೀರಾತಿನಲ್ಲಿ ಕಂಡ ಹೊಸದೊಂದರ ಹೆಸರನ್ನು ಹೇಳಿ ಕೈತೊಳೆದುಕೊಳ್ಳುತ್ತೇವೆ. ನಮ್ಮ ಬಾಯಿಂದ ಬಂದ ಆ ಒಂದು ಹೆಸರಿಗಾಗಿ ದೂರದ ಒಂದು ಮನೆ ಸಾಲಮಾಡಬಹುದೆಂಬ ಯೋಚನೆ ನಮಗೆ ಬರುವುದಿಲ್ಲ. ಈ ಹೊತ್ತು ಆ ಪ್ರಶ್ನೆಗೆ ಸ್ವಲ್ಪ ನಿಧಾನವಾಗಿ ಉತ್ತರ ಹುಡುಕೋಣ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಊರನ್ನು ಹಿಡಿಯೋಣ. ವಿಜಯಪುರದ ಕಡೆ, ಸಿಂದಗಿಯ ಸೀಮೆಯಲ್ಲಿ ಯಂಕಂಚಿ ಎಂಬ ಹಳ್ಳಿಯುಂಟು. ಜೋಳವೂ ತೊಗರಿಯೂ ಬೆಳೆಯತಕ್ಕ ಎರೆಭೂಮಿಯ ನಾಡು ಅದು. ಅಂಥ ಊರಿನಲ್ಲಿ ಹೊಲಿಗೆಯನ್ನು ಹೊಸದಾಗಿ ಕಲಿಯತಕ್ಕ ಒಬ್ಬ ಹೆಣ್ಣುಮಗಳು, ಹತ್ತು ಸಾವಿರ ರೂಪಾಯಿಗೆ ಮೀರದ ಹಣವನ್ನಿಟ್ಟುಕೊಂಡು ಯಂತ್ರ ಕೊಳ್ಳಹೊರಟಿದ್ದಾಳೆಂದು ಭಾವಿಸೋಣ. ಅವಳಿಗೆ ನಾವು ಹೇಳತಕ್ಕದ್ದೇನು?

ಮೊದಲು ಕೇಳಬೇಕಾದುದು ಯಂತ್ರದ ವಿಷಯವಲ್ಲ, ಬಟ್ಟೆಯ ವಿಷಯ. ಅವಳ ಕೈಗೆ ಬರುವ ಬಟ್ಟೆ ಯಾವುದು? ಇಲಕಲ್ಲಿನ ಸೀರೆ, ಅದಕ್ಕೆ ಒಪ್ಪುವ ಗುಳೇದಗುಡ್ಡದ ಖಣದ ಕುಪ್ಪಸ, ಒಳಲಂಗ, ಮಕ್ಕಳ ಲಂಗ, ಶಾಲೆಯ ಸಮವಸ್ತ್ರ, ದಿಂಬಿನ ಚೀಲ, ಹರಿದುದರ ದುರಸ್ತಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಹೊಲಿಯುವ ಕವದಿಯು ಕೈಸೂಜಿಯ ಕೆಲಸ; ಅದನ್ನು ಯಂತ್ರ ಕಸಿದುಕೊಳ್ಳಬೇಕಾಗಿಲ್ಲ. ಉಳಿದ ಈ ಕೆಲಸಗಳ ಬಹುಭಾಗಕ್ಕೆ ಬೇಕಾದುದು ನೇರವಾದ ಒಂದೇ ಹೊಲಿಗೆ. ಅದು ತೆಳುವಾದ ಮಲ್ಲಿನ ಮೇಲೂ ಸುಕ್ಕಿಲ್ಲದೆ ಓಡಬೇಕು. ಖಣದ ದಪ್ಪ ಅಂಚು ನಾಲ್ಕು ಮಡಿಕೆಯಾಗಿ ಬಂದಾಗಲೂ ನಿಲ್ಲದೆ ಓಡಬೇಕು. ಇಷ್ಟನ್ನು ಮಾಡತಕ್ಕ ಯಂತ್ರವೇ ಅವಳಿಗೆ ಒಳ್ಳೆಯ ಯಂತ್ರ.

ಈ ನೇರ ಹೊಲಿಗೆಯ ಗುಟ್ಟು ಹೊಸದೇನೂ ಅಲ್ಲ. ಕೈಸೂಜಿಯ ಕಣ್ಣು ಹಿಂಬದಿಯಲ್ಲಿದ್ದರೆ ಯಂತ್ರದ ಸೂಜಿಯ ಕಣ್ಣು ಮೊನೆಯ ಬಳಿಯಲ್ಲಿರುತ್ತದೆ. ಸೂಜಿಯು ಮೇಲಿನ ನೂಲನ್ನು ಬಟ್ಟೆಯ ಕೆಳಕ್ಕೆ ಒಯ್ದು ಒಂದು ಕುಣಿಕೆಯನ್ನು ಮಾಡುತ್ತದೆ. ಕೆಳಗಿನ ಷಟಲ್ಲು ಆ ಕುಣಿಕೆಯನ್ನು ಹಿಡಿದು ಬಾಬಿನ್ನಿನ ನೂಲಿನ ಸುತ್ತ ಹಾಯಿಸುತ್ತದೆ. ಎರಡು ನೂಲುಗಳೂ ಬಟ್ಟೆಯ ನಡುವೆ ಒಂದಕ್ಕೊಂದು ಬೀಗ ಹಾಕಿಕೊಳ್ಳುತ್ತವೆ. ಅಮೆರಿಕದ ಎಲಿಯಸ್ ಹೋವೆಂಬಾತನು ಇಂಥ ಯಂತ್ರಕ್ಕೆ 1846ರಲ್ಲಿ ಹಕ್ಕುಪತ್ರವನ್ನು ಪಡೆದನು; ಐಸಾಕ್ ಸಿಂಗರನು 1851ರಲ್ಲಿ ತನ್ನ ಸುಧಾರಿಸಿದ ಯಂತ್ರಕ್ಕೆ ಪಡೆದನು. ನಮ್ಮ ದೇಶದಲ್ಲಿ ‘ಉಷಾ’ ಯಂತ್ರಗಳ ತಯಾರಿಕೆ 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಮೊದಲಾಯಿತು. ಯಂತ್ರಗಳ ವಿಷಯದಲ್ಲಿ ಅಷ್ಟು ಸಂಶಯವಿದ್ದ ಮಹಾತ್ಮಾ ಗಾಂಧಿಯವರೂ 1924ರ ಒಂದು ಸಂಭಾಷಣೆಯಲ್ಲಿ ಹೊಲಿಗೆ ಯಂತ್ರಕ್ಕೆ ವಿನಾಯಿತಿಯನ್ನು ಕೊಟ್ಟರು. ಇವೆಲ್ಲವನ್ನೂ ಹೇಳಲು ಕಾರಣವಿಷ್ಟೆ: ಹೋವ್ ಸಿಂಗರರ ಕಾಲದಿಂದ ಇಂದಿನವರೆಗೆ ಹೊಲಿಗೆಯ ಮೂಲತತ್ತ್ವ ಬದಲಾಗಿಲ್ಲ. ಹೆಚ್ಚು ಬೆಲೆಯನ್ನು ಕೊಟ್ಟಾಗ ನಮಗೆ ದೊರೆಯುವುದು ಹೆಚ್ಚು ಗಟ್ಟಿಯಾದ ನೇರ ಹೊಲಿಗೆಯಲ್ಲ, ಬೇರೆ ಬೇರೆ ಅನುಕೂಲಗಳು. ಆ ಅನುಕೂಲಗಳು ಅವಳಿಗೆ ಈಗಲೇ ಬೇಕೆ ಎಂಬುದೇ ವಿಚಾರ.

ಅಂಗಡಿಯಲ್ಲಿ ಅವಳ ಮುಂದೆ ನಾಲ್ಕು ಜಾತಿಯ ಯಂತ್ರಗಳು ಬರುತ್ತವೆ.

ಮೊದಲನೆಯದು ಅಂಗೈಯಷ್ಟಗಲದ, ಪ್ಲಾಸ್ಟಿಕ್ ಮೈಯ ‘ಮಿನಿ’ ಯಂತ್ರ. ಬೆಲೆ ಬಹು ಕಡಿಮೆ. ಆದುದರಿಂದಲೇ ಆಸೆ ಹೆಚ್ಚು. ಇದರ ಮೋಟಾರು ದುರ್ಬಲ. ಖಣದ ಅಂಚನ್ನು ಕಂಡರೆ ನಿಲ್ಲುತ್ತದೆ. ಕೆಟ್ಟರೆ ರಿಪೇರಿ ಮಾಡುವವರು ದೊರೆಯುವುದು ಕಷ್ಟ. ಇದನ್ನು ಕೊಂಡವಳು ಹೊಲಿಗೆಯೇ ತನಗೆ ಒಗ್ಗದ ವಿದ್ಯೆಯೆಂದು ತಿಳಿದು ಕೈಬಿಡುವ ಅಪಾಯವುಂಟು. ದೋಷ ಅವಳದಲ್ಲ, ಆದರೆ ಅದನ್ನು ಅವಳಿಗೆ ಹೇಳುವವರು ಯಾರು?

ಎರಡನೆಯದು ಬೀಡುಕಬ್ಬಿಣದ ಕಪ್ಪು ಯಂತ್ರ. ನಮ್ಮ ಅಜ್ಜಿಯರ ಕಾಲದಿಂದ ಕಂಡದ್ದು. ನೇರ ಹೊಲಿಗೆಯೊಂದನ್ನೇ ಹೊಲಿಯುತ್ತದೆ. ಕಾಲ್ತುಳಿಯ ಪೀಠ ಸಹಿತವಾಗಿಯೂ ಸಾಮಾನ್ಯವಾಗಿ ಹತ್ತು ಸಾವಿರದೊಳಗೆ ದೊರೆಯುತ್ತದೆ. ಮೂರನೆಯದು ಬಿಳಿಯ ಮೈಯ ವಿದ್ಯುತ್ ಯಂತ್ರ. ನೇರ ಹೊಲಿಗೆಯ ಜೊತೆಗೆ ಅಂಕುಡೊಂಕು ಹೊಲಿಗೆಯನ್ನೂ ಕಾಜವನ್ನೂ ಹಲವು ಅಲಂಕಾರಗಳನ್ನೂ ಮಾಡುತ್ತದೆ. ಬೆಲೆ ಸಾಮಾನ್ಯವಾಗಿ ಹತ್ತು ಸಾವಿರದಾಚೆ ಹೋಗುತ್ತದೆ. ನಾಲ್ಕನೆಯದು ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಬಳಸತಕ್ಕದ್ದು. ನಿಮಿಷಕ್ಕೆ ನಾಲ್ಕೈದು ಸಾವಿರ ಹೊಲಿಗೆಗಳ ವೇಗ. ಹೊಸಬಳ ಕೈ ಆ ವೇಗಕ್ಕೆ ಹೆದರುತ್ತದೆ, ಹಣವೂ ಸಾಲದು.

ನಮ್ಮ ಅಭಿಪ್ರಾಯದಲ್ಲಿ ಯಂಕಂಚಿಯಂಥ ಊರಿನ ಹೊಸಬಳಿಗೆ ಎರಡನೆಯದೇ ಯೋಗ್ಯವಾದುದು. ಅಂಕುಡೊಂಕು ಯಂತ್ರದಿಂದ ಸೀರೆಗೆ ಪಿಕೋ ಮಾಡಿ ನಾಲ್ಕು ಕಾಸು ಸಂಪಾದಿಸಬಹುದೆಂಬ ಮಾತು ನಿಜವೇ. ಆದರೆ ಅದು ಗಿರಾಕಿಗಳು ಬರತೊಡಗಿದ ಮೇಲಿನ ಮಾತು. ಎರಡನೆಯ ಯಂತ್ರಕ್ಕೆ ತಕ್ಕುದು. ಮೊದಲನೆಯ ಯಂತ್ರಕ್ಕೆ ಬೇಕಾದ ಗುಣಗಳು ಬೇರೆ. ಕರೆಂಟು ಇಲ್ಲದ ಗಂಟೆಯಲ್ಲಿಯೂ ಅದು ನಡೆಯಬೇಕು. ಕಲಿಯುವವಳ ಕಾಲಿನ ನಿಧಾನಕ್ಕೆ ತಾನೂ ನಿಧಾನವಾಗಬೇಕು. ಮುಚ್ಚಳವನ್ನು ತೆಗೆದರೆ ಒಳಗಿನ ಅಂಗಗಳು ಕಣ್ಣಿಗೆ ಕಾಣಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಕೆಟ್ಟಾಗ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿಯೇ ಅದನ್ನು ಸರಿಪಡಿಸುವ ಕೈಯೂ ಬಿಡಿಭಾಗವೂ ದೊರೆಯಬೇಕು. ಸಾಮಾನ್ಯ ಕಪ್ಪು ಯಂತ್ರಗಳು ಬಹುಮಟ್ಟಿಗೆ ಒಂದೇ ಹಳೆಯ ಮಾದರಿಯ ಮೇಲೆ ಮಾಡಿದವು; ಒಂದರ ಬಾಬಿನ್ನೂ ಸೂಜಿಯೂ ಇನ್ನೊಂದಕ್ಕೆ ಹೊಂದುತ್ತವೆ. ಮುಂದೆ ಬೇಕೆನಿಸಿದರೆ ಇದಕ್ಕೆ ಸಣ್ಣ ಮೋಟಾರನ್ನು ಜೋಡಿಸಲೂಬಹುದು.

ಹೊಸದನ್ನು ಕೊಳ್ಳುವಷ್ಟು ಹಣವಿಲ್ಲದಿದ್ದರೆ ಹಳೆಯದನ್ನು ಕೊಳ್ಳುವುದು ಅವಮಾನವಲ್ಲ. ಎಣ್ಣೆಯನ್ನು ಕಂಡ ಹಳೆಯ ಯಂತ್ರವು ಎಣ್ಣೆಯನ್ನು ಕಾಣದ ಹೊಸದಕ್ಕಿಂತ ಮೇಲು. ಆದರೆ ಪರೀಕ್ಷೆ ಬೇಕು. ಹೊಳೆಯುವ ಬಣ್ಣವನ್ನೂ ಹೂವಿನ ಚಿತ್ರವನ್ನೂ ನೋಡಿ ಮರುಳಾಗಬಾರದು. ಚಕ್ರವನ್ನು ಕೈಯಿಂದ ಮೆಲ್ಲನೆ ತಿರುಗಿಸಿ ನೋಡಬೇಕು. ಎಲ್ಲಿಯೂ ಕಚ್ಚದೆ, ಕರಕರ ಎನ್ನದೆ ತಿರುಗಬೇಕು. ಸೂಜಿಯನ್ನು ಹಿಡಿದಿರುವ ಸರಳನ್ನು ಬೆರಳಿನಿಂದ ಅಲ್ಲಾಡಿಸಬೇಕು. ಸಡಿಲವಾಗಿ ಆಡಿದರೆ ಸವೆದಿದೆಯೆಂದರ್ಥ. ಕೆಳಗಿನ ತಗಡನ್ನು ಸರಿಸಿ ಷಟಲ್ಲಿಗೆ ತುಕ್ಕು ಹಿಡಿದಿದೆಯೆ, ಮೂತಿ ಮುರಿದಿದೆಯೆ ಎಂದು ನೋಡಬೇಕು. ದೋಣಿಯಾಕಾರದ ಉದ್ದ ಷಟಲ್ಲಿನ ಬಹಳ ಹಳೆಯ ಯಂತ್ರವಾದರೆ ಬಿಟ್ಟುಬಿಡುವುದು ಲೇಸು. ನೋಡಲು ಅಂದ, ಬಿಡಿಭಾಗ ದುರ್ಲಭ.

ಆಮೇಲೆ ಹೊಲಿದು ನೋಡತಕ್ಕದ್ದು. ಅಂಗಡಿಯವರ ಚೂರಿನ ಮೇಲಲ್ಲ, ತಾನೇ ಒಯ್ದ ಬಟ್ಟೆಯ ಮೇಲೆ. ಮಲ್ಲಿನ ಎರಡು ಪದರ, ಖಣದ ನಾಲ್ಕು ಪದರ, ಇವೆರಡೂ ಚೀಲದಲ್ಲಿರಲಿ. ಮೇಲಕ್ಕೆ ಕೆಂಪು ನೂಲನ್ನೂ ಬಾಬಿನ್ನಿಗೆ ಬಿಳಿಯ ನೂಲನ್ನೂ ಹಾಕಿಸಲಿ. ಬಟ್ಟೆಯ ಮೇಲ್ಗಡೆ ಬಿಳಿಯ ಚುಕ್ಕೆಗಳು ಇಣುಕಿದರೆ ಮೇಲಿನ ಬಿಗಿ ಹೆಚ್ಚು. ಕೆಳಗಡೆ ಕೆಂಪು ಇಣುಕಿದರೆ ಮೇಲಿನ ಬಿಗಿ ಕಡಿಮೆ. ತಿರುಪನ್ನು ಸ್ವಲ್ಪ ತಿರುಗಿಸಿದಾಗ ಎರಡೂ ಕಡೆ ತನ್ನ ತನ್ನ ಬಣ್ಣವೇ ನಿಂತರೆ ಯಂತ್ರ ಆರೋಗ್ಯವಾಗಿದೆ. ಎಷ್ಟು ತಿರುಗಿಸಿದರೂ ಸರಿಹೋಗದಿದ್ದರೆ, ಹೊಲಿಗೆ ನಡುನಡುವೆ ತಪ್ಪುತ್ತಿದ್ದರೆ, ಎದ್ದು ಬರಬೇಕು. ಒಂದೇ ದಿನದಲ್ಲಿ ಕೊಳ್ಳಲೇಬೇಕೆಂಬ ನಿಯಮವೇನೂ ಇಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೇಟಿನ ಹಣವಿಲ್ಲ. ಸಿಂದಗಿಯಲ್ಲೊಂದು ಅಂಗಡಿ, ವಿಜಯಪುರದಲ್ಲೊಂದು ಅಂಗಡಿಯೆಂದು ನೋಡಿ ಬರಲು ಬಸ್ಸಿನ ಖರ್ಚು ಅಡ್ಡಬಾರದು.

ಇನ್ನು ಹಣದ ಮಾತು. ಯಂತ್ರದಲ್ಲಿ ತಪ್ಪಿದರೆ ರಿಪೇರಿಯುಂಟು. ಸಾಲದಲ್ಲಿ ತಪ್ಪಿದರೆ ಸುಲಭವಾದ ರಿಪೇರಿಯಿಲ್ಲ. ಎಂಟು ಸಾವಿರ ರೂಪಾಯಿಯನ್ನು ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಯಂತೆ ಕೈಸಾಲ ತಂದರೆ ತಿಂಗಳಿಗೆ ಬಡ್ಡಿಯೇ 240 ರೂಪಾಯಿ, ವರ್ಷಕ್ಕೆ 2,880 ರೂಪಾಯಿ. ಒಂದು ಕುಪ್ಪಸಕ್ಕೆ ನೂರು ರೂಪಾಯಿ ಕೂಲಿಯೆಂದಿಟ್ಟುಕೊಂಡರೂ ಪ್ರತಿ ತಿಂಗಳ ಮೊದಲ ಎರಡೂವರೆ ಕುಪ್ಪಸ ಸಾಲಗಾರನ ಪಾಲು; ಅಸಲು ಹಾಗೆಯೇ ಉಳಿಯಿತು. ನಮ್ಮ ಮಾತನ್ನು ಕೇಳಿ ಹದಿನಾರು ಸಾವಿರದ ಯಂತ್ರವನ್ನು ತಂದರೆ ಬಡ್ಡಿ 480 ರೂಪಾಯಿ, ಅಂದರೆ ಸುಮಾರು ಐದು ಕುಪ್ಪಸ. ಇನ್ನೂ ತೋಳನ್ನು ಕೂಡಿಸಲು ಕಲಿಯುತ್ತಿರುವ ಹುಡುಗಿಗೆ ಆ ಐದು ಕುಪ್ಪಸಗಳನ್ನು ಕೊಡುವವರಾದರೂ ಯಾರು?

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯು ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿಯನ್ನು ಗೊತ್ತುಮಾಡಿತು. ತಾಯಿಯ ಅಂಥ ನಾಲ್ಕು ಕಂತುಗಳು ಕೂಡಿದರೆ ಎಂಟು ಸಾವಿರ. ಆ ಹಣಕ್ಕೆ ಎಣ್ಣೆ, ಬೇಳೆ, ಔಷಧಿಗಳ ಕರೆ ಮೊದಲು ಬರುವುದೆಂದು ನಾವು ಬಲ್ಲೆವು. ಆದರೂ ಆರು ತಿಂಗಳು ಕಾದು ಕೂಡಿಟ್ಟು ಕೊಂಡ ಯಂತ್ರವು ಮೊದಲನೆಯ ದಿನದಿಂದಲೇ ತನ್ನದಾಗಿರುತ್ತದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಹದಿನೆಂಟು ಕಸುಬುಗಳ ಪೈಕಿ ದರ್ಜಿಯ ಕಸುಬೂ ಸೇರಿದೆ. ತರಬೇತಿ, 15,000 ರೂಪಾಯಿಯವರೆಗೆ ಉಪಕರಣದ ನೆರವು, ವರ್ಷಕ್ಕೆ ನೂರಕ್ಕೆ ಐದರ ಬಡ್ಡಿಯ ಸಾಲ, ಇವನ್ನು ಅದು ಏರ್ಪಡಿಸಿತು. ಆದರೆ ಅದು ಕಸುಬಿನಲ್ಲಿ ಈಗಾಗಲೇ ಸ್ವಂತವಾಗಿ ದುಡಿಯುತ್ತಿರುವವರಿಗೆ ಏರ್ಪಟ್ಟದ್ದು, ಕಲಿಯಹೊರಟವರಿಗಲ್ಲ. ಹಾಗಿರುವಲ್ಲಿ ಮೊದಲನೆಯ ಯಂತ್ರಕ್ಕೆ ಸ್ವಂತದ ಸಣ್ಣ ಹಣ, ಎರಡನೆಯದಕ್ಕೆ ಕಡಿಮೆ ಬಡ್ಡಿಯ ಹಣ ಎಂಬುದು ಸರಿಯಾದ ಕ್ರಮ.

ಕೈಯಲ್ಲಿರುವುದೆಲ್ಲವನ್ನೂ ಯಂತ್ರಕ್ಕೇ ಸುರಿಯಬಾರದು. ಹರಿತವಾದ ಒಂದು ಕತ್ತರಿ, ಅಳತೆಯ ಪಟ್ಟಿ, ಆರು ಬಾಬಿನ್ನು, ಹನ್ನೊಂದು, ಹದಿನಾಲ್ಕು, ಹದಿನಾರು ನಂಬರಿನ ಸೂಜಿಗಳು, ಒಂದು ಸೀಸೆ ಯಂತ್ರದ ಎಣ್ಣೆ, ಇಷ್ಟಕ್ಕೆ ಹಣವನ್ನು ಬೇರೆ ತೆಗೆದಿಡಬೇಕು. ತೆಳು ಬಟ್ಟೆಗೆ ಹನ್ನೊಂದು, ಸಾಧಾರಣಕ್ಕೆ ಹದಿನಾಲ್ಕು, ದಪ್ಪಕ್ಕೆ ಹದಿನಾರು. ಕೊಬ್ಬರಿ ಎಣ್ಣೆಯನ್ನು ಹಾಕಲೇಕೂಡದು. ಅದು ಅಂಟಾಗಿ, ಎರೆಭೂಮಿಯ ಧೂಳಿನೊಡನೆ ಸೇರಿ ಯಂತ್ರವನ್ನು ಬಿಗಿಯುತ್ತದೆ. ಯಂತ್ರ ಕೆಟ್ಟಿತೆಂದು ಅಳುವ ಮೊದಲು ಸೂಜಿಯ ಚಪ್ಪಟೆ ಪಕ್ಕವು ಸರಿಯಾದ ಕಡೆಗಿದೆಯೆ, ನೂಲು ಎಲ್ಲ ಕೊಂಡಿಗಳಲ್ಲಿಯೂ ಹಾದಿದೆಯೆ ಎಂದು ನೋಡಬೇಕು. ಹೊಸಬರ ದೂರುಗಳು ಅನೇಕವು ಅಲ್ಲಿಯೇ ಮುಗಿಯುತ್ತವೆ. ಮೊದಲ ವಾರ ನೂಲನ್ನೇ ಹಾಕದೆ, ಗೆರೆ ಎಳೆದ ಕಾಗದದ ಮೇಲೆ ಹಳೆಯ ಸೂಜಿಯನ್ನು ಓಡಿಸಿ ಕಾಲನ್ನು ಪಳಗಿಸುವುದು ಒಳ್ಳೆಯ ಅಭ್ಯಾಸ.

ಕೊನೆಗೆ ನಮ್ಮ ಕರ್ತವ್ಯವೇನು? ಇನ್ನು ಮುಂದೆ ಇಂಥ ಪ್ರಶ್ನೆ ಬಂದಾಗ ನಾವು ಹೆಸರನ್ನು ಹೇಳುವ ಮೊದಲು ಮೂರು ಪ್ರಶ್ನೆಗಳನ್ನು ಕೇಳೋಣ. ಏನನ್ನು ಹೊಲಿಯುತ್ತಾಳೆ? ಕೆಟ್ಟರೆ ಸರಿಪಡಿಸುವವರು ಎಷ್ಟು ದೂರದಲ್ಲಿದ್ದಾರೆ? ಹಣ ಅವಳದೋ, ಸಾಲದ್ದೋ? ಇವಕ್ಕೆ ಉತ್ತರ ದೊರೆತರೆ ಯಂತ್ರದ ಹೆಸರು ತಾನಾಗಿಯೇ ಹೊಳೆಯುತ್ತದೆ. ನಮ್ಮ ಮನೆಯ ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟ ಅಜ್ಜಿಯ ಕಾಲದ ಯಂತ್ರವೊಂದು ಕೆಲಸವಿಲ್ಲದೆ ನಿಂತಿದ್ದರೆ, ಅದನ್ನು ತೊಳೆದು, ಎಣ್ಣೆ ಹಾಕಿಸಿ, ಷಟಲ್ಲನ್ನು ಸರಿಮಾಡಿಸಿ, ಕೇಳಿದವಳಿಗೆ ಕಳುಹಿಸಿಕೊಟ್ಟರೆ ನಾವು ಕೊಡಬಹುದಾದ ಉತ್ತರಗಳಲ್ಲೆಲ್ಲ ಅದೇ ಒಳ್ಳೆಯದು.