ಅಂಚೆ ಚೀಲದಿಂದ ಅದೃಶ್ಯ ಸುರಂಗದವರೆಗೆ



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಒಂದು ಹಳ್ಳಿಯನ್ನು ನೆನೆಸಿಕೊಳ್ಳಿ. ತೆಂಗಿನ ತೋಟಗಳ ನಡುವೆ ಒಂದು ಶಾಖಾ ಅಂಚೆ ಕಚೇರಿ ಇದೆ. ಒಂದು ಮೇಜು, ಒಂದು ತಕ್ಕಡಿ, ಹೊರಗೆ ಕೆಂಪು ಡಬ್ಬಿ. ಕೊಬ್ಬರಿ ಮಾರಿ ಬಂದ ಹಣದಲ್ಲಿ ಒಂದಿಷ್ಟನ್ನು ಇಲ್ಲಿ ಉಳಿತಾಯ ಖಾತೆಗೆ ಕಟ್ಟುವ ಮನೆಗಳುಂಟು. ಆ ಹಣದ ಲೆಕ್ಕ ನಿಜವಾಗಿ ಇರುವುದು ಎಲ್ಲಿ? ಇಂದು ಈ ಪ್ರಶ್ನೆಯನ್ನು ವಿಚಾರ ಮಾಡೋಣ.

ಹಿಂದೆ ಉತ್ತರ ಸುಲಭವಾಗಿತ್ತು. ಹಳ್ಳಿಯ ಪೋಸ್ಟ್ ಮಾಸ್ಟರು ದಿನದ ಲೆಕ್ಕವನ್ನು ಕಾಗದದ ಮೇಲೆ ಬರೆದು, ಚೀಲದಲ್ಲಿಟ್ಟು, ಅರಗಿನ ಮುದ್ರೆ ಒತ್ತಿ ಪೇಟೆಯ ಅಂಚೆ ಕಚೇರಿಗೆ ಕಳುಹಿಸುತ್ತಿದ್ದರು. ದೊಡ್ಡ ಮೊತ್ತ ಬೇಕಾದವರ ಅರ್ಜಿಯೂ ಪಾಸ್‌ಬುಕ್ಕೂ ಅದೇ ಚೀಲದಲ್ಲಿ ಹೋಗಿ, ಮಂಜೂರಾಗಿ ಮರಳಬೇಕಿತ್ತು. ಮಗಳ ಕಾಲೇಜಿನ ಶುಲ್ಕಕ್ಕೆ ನಾಳೆಯೇ ಕೊನೆಯ ದಿನ ಎನ್ನುವ ತಾಯಿಗೆ ಈ ಕಾಯುವಿಕೆ ಸಣ್ಣದಲ್ಲ.

2013ರಲ್ಲಿ ಅಂಚೆ ಇಲಾಖೆ ನವಿ ಮುಂಬಯಿಯಲ್ಲಿ ಕೇಂದ್ರೀಯ ದತ್ತಾಂಶ ಕೇಂದ್ರವನ್ನು ತೆರೆಯಿತು. ಅಲ್ಲಿ ಅನಾಹುತವಾದರೆ ನೆರವಿಗೆ ಬರಲೆಂದು ಮತ್ತೊಂದು ಕೇಂದ್ರವನ್ನು ನಮ್ಮ ಮೈಸೂರಿನಲ್ಲಿ ಸಜ್ಜುಗೊಳಿಸಲಾಯಿತು. 2017ರ ಡಿಸೆಂಬರಿನಲ್ಲಿ ಘೋಷಿಸಿದ 'ದರ್ಪಣ್' ಯೋಜನೆ ದೇಶದ ಸುಮಾರು 1.29 ಲಕ್ಷ ಶಾಖಾ ಅಂಚೆ ಕಚೇರಿಗಳಿಗೆ, ಸೌರಶಕ್ತಿಯಿಂದಲೂ ನಡೆಯುವಂತೆ, ಅಂಗೈ ಯಂತ್ರಗಳನ್ನು ಒದಗಿಸುವ ಗುರಿ ಇಟ್ಟುಕೊಂಡಿತು. ಮೊಬೈಲ್ ಸಿಮ್ ಇದ್ದ ಆ ಯಂತ್ರ ಹಳ್ಳಿಯ ಮೇಜನ್ನು ದೂರದ ಲೆಕ್ಕದ ಪುಸ್ತಕಕ್ಕೆ ಜೋಡಿಸಿತು.

ಆದರೆ ಮೊಬೈಲ್ ಜಾಲವೆಂದರೆ ಎಲ್ಲರೂ ಓಡಾಡುವ ದಾರಿ. ಅಲ್ಲಿ ಹಣದ ಮಾತು ಗುಟ್ಟಾಗಿ ಸಾಗುವುದು ಹೇಗೆ? ಮತ್ತೆ ಆ ಚೀಲವನ್ನೇ ನೆನೆಯಿರಿ. ಅದು ಹೋಗುತ್ತಿದ್ದುದು ನಾವು ನೀವು ಹತ್ತುವ ಬಸ್ಸಿನಲ್ಲಿಯೇ. ಚೀಲ ಯಾವ ಊರಿಗೆ ಎಂಬುದು ಕಂಡಕ್ಟರಿಗೆ ಗೊತ್ತು. ಒಳಗೆ ಏನಿದೆ ಎಂಬುದು ಗೊತ್ತಿಲ್ಲ. ಮುದ್ರೆ ಒಡೆದಿದ್ದರೆ ಪೇಟೆಯಲ್ಲಿ ತಕ್ಷಣ ತಿಳಿಯುತ್ತಿತ್ತು. ದೂರದ ಶಾಖೆಯನ್ನು ಮುಖ್ಯ ಕಚೇರಿಗೆ ಸೇರಿಸುವ ವರ್ಚುಯಲ್ ಪ್ರೈವೇಟ್ ನೆಟ್‌ವರ್ಕ್, ಅಂದರೆ ವಿಪಿಎನ್, ಮಾಡುವುದೂ ಇದನ್ನೇ. ಸಂದೇಶವನ್ನು ಗೂಢಲಿಪಿಗೆ ತಿರುಗಿಸಿ, ಗಣಿತದ ಮುದ್ರೆ ಒತ್ತಿ, ಹೊರಗೆ ವಿಳಾಸವನ್ನು ಮಾತ್ರ ಕಾಣಿಸುತ್ತದೆ. ತಂತ್ರಜ್ಞರು ಇದನ್ನು 'ಸುರಂಗ' ಎನ್ನುತ್ತಾರೆ. ಸುರಂಗ ತೆರೆಯುವ ಮುನ್ನ ಎರಡು ತುದಿಗಳೂ ತಾವು ಯಾರೆಂದು ಪರಸ್ಪರ ರುಜುವಾತು ಮಾಡಿಕೊಳ್ಳಬೇಕು.

ಇಷ್ಟಾದರೆ ಸಾಕೆ? ಸಾಲದು. ನಿಜವಾದ ಪರೀಕ್ಷೆ ಬರುವುದು ಸಂಪರ್ಕ ಕಡಿದಾಗ. ಒಬ್ಬ ಅಜ್ಜಿ 2,000 ರೂಪಾಯಿ ತೆಗೆಯಲು ಬಂದಿದ್ದಾರೆ ಎನ್ನೋಣ. ಕೋರಿಕೆ ಹೋಯಿತು, ಕೇಂದ್ರದ ಪುಸ್ತಕದಲ್ಲಿ 2,000 ಕಳೆಯಿತು. 'ಆಯಿತು' ಎಂಬ ಉತ್ತರ ಮರಳಿ ಬರುವಷ್ಟರಲ್ಲಿ ಸಿಗ್ನಲ್ ಹೋಯಿತು. ಯಂತ್ರ ಮೌನ. ಮತ್ತೆ ಗುಂಡಿ ಒತ್ತಿದರೆ ಇನ್ನೊಮ್ಮೆ 2,000 ಕಳೆದುಬಿಟ್ಟರೆ?

ಇದಕ್ಕೆ ಪರಿಹಾರ ಸರಳ. ಪ್ರತಿ ವ್ಯವಹಾರಕ್ಕೂ ಅದರದೇ ಒಂದು ಸಂಖ್ಯೆ ಕೊಡುವುದು. ಅದೇ ಸಂಖ್ಯೆ ಎರಡನೆಯ ಸಲ ಬಂದರೆ ಕೇಂದ್ರ, 'ಇದು ಆಗಲೇ ಆಗಿದೆ' ಎಂದು ಹಳೆಯ ಉತ್ತರವನ್ನೇ ಕೊಡುತ್ತದೆ; ಹಣವನ್ನು ಮತ್ತೆ ಕಳೆಯುವುದಿಲ್ಲ. ನೀವು ಕಲಿಯಬೇಕಾದ ಪಾಠವೂ ಇಲ್ಲಿದೆ. ಯಂತ್ರ ತಡವರಿಸಿದಾಗ ಹೊಸದಾಗಿ ವ್ಯವಹಾರ ಆರಂಭಿಸಬೇಡಿ. ಮೊದಲು ಹಿಂದಿನದು ಏನಾಯಿತೆಂದು ವಿಚಾರಿಸಿ, ಬಾಕಿ ನೋಡಿ, ರಸೀದಿ ಕೇಳಿ. ಓದು ಬಾರದ ಹಿರಿಯರ ಜೊತೆ ಹೋದಾಗ ಈ ಕೆಲಸ ನಿಮ್ಮದು.

ಎಲ್ಲ ಕೆಲಸಕ್ಕೂ ಸಂಪರ್ಕ ಆ ಕ್ಷಣದಲ್ಲೇ ಬೇಕೆಂದಿಲ್ಲ. ಪಾರ್ಸೆಲ್ ಮುಟ್ಟಿಸಿದ ಮಾಹಿತಿಯನ್ನು ಯಂತ್ರದಲ್ಲಿಯೇ ಇಟ್ಟುಕೊಂಡು ಸಿಗ್ನಲ್ ಬಂದಾಗ ಕಳುಹಿಸಬಹುದು. ಅಟ್ಟದ ಮೇಲಿನ ಕಾಯಿ ತಿಂಗಳುಗಟ್ಟಲೆ ಕಾದು ಕೊಬ್ಬರಿಯಾಗುವುದಿಲ್ಲವೇ, ಹಾಗೆ ಇದೂ ಕೆಲಹೊತ್ತು ಕಾಯಬಲ್ಲದು. ಬಾಕಿ ನೋಡದೆ ಹಣ ಕೊಡುವುದು ಹಾಗಲ್ಲ. ಒಂದೇ ಖಾತೆಯಿಂದ ತಿಪಟೂರಿನಲ್ಲೊಬ್ಬರು, ತುರುವೇಕೆರೆಯಲ್ಲೊಬ್ಬರು ಏಕಕಾಲಕ್ಕೆ ಹಣ ಕೇಳಿದರೆ, ಯಾರು ಮೊದಲು ಎಂದು ತೀರ್ಮಾನಿಸಲು ಪುಸ್ತಕ ಒಂದೇ ಇರಬೇಕು. ಯಾವುದು ಕಾಯಬಹುದು, ಯಾವುದು ಕಾಯಲಾರದು ಎಂದು ವಿಂಗಡಿಸುವುದೇ ಇಂಥ ಜಾಲವನ್ನು ಕಟ್ಟುವವರ ಮೊದಲ ಕೆಲಸ. ತಂತಿ, ಗೋಪುರಗಳ ಮಾತು ಆಮೇಲಿನದು.

ಈ ಕಥೆಯಲ್ಲಿ ಕನ್ನಡ ನಾಡಿಗೊಂದು ವಿಶೇಷ ಸ್ಥಾನವಿದೆ. ಅಂಚೆ ಇಲಾಖೆ ತನ್ನ ತಂತ್ರಜ್ಞರಿಂದಲೇ ರೂಪಿಸಿದ ಹೊಸ ತಂತ್ರಾಂಶವನ್ನು 2025ರ ಮೇ-ಜೂನ್‌ನಲ್ಲಿ ಪ್ರಾಯೋಗಿಕವಾಗಿ ನಡೆಸಿ ನೋಡಿದ್ದು ಕರ್ನಾಟಕ ಅಂಚೆ ವೃತ್ತದಲ್ಲಿ. ಆ ವರ್ಷದ ಆಗಸ್ಟ್ 4ರ ವೇಳೆಗೆ ಅದು ದೇಶದ ಎಲ್ಲ ಅಂಚೆ ವೃತ್ತಗಳನ್ನೂ ಮುಟ್ಟಿತು.

ಮುಂದಿನ ಬಾರಿ ನಿಮ್ಮೂರಿನ ಅಂಚೆ ಕಚೇರಿಗೆ ಹೋದಾಗ ಪೋಸ್ಟ್ ಮಾಸ್ಟರನ್ನು ಒಂದು ಮಾತು ಕೇಳಿ: "ಸರ್, ಸಿಗ್ನಲ್ ಹೋದರೆ ಏನು ಮಾಡ್ತೀರಿ?" ಅವರು ಕೊಡುವ ಉತ್ತರವನ್ನು ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಿ. ಈ ಪಾಠದ ಮುಂದಿನ ಭಾಗ ಅದೇ.